ಮೀನಖಂಡದಲ್ಲಿ ಹಾರುವ ಒಂಟಿ ನರ

ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳು ಸಂಜೆ ಬಿಡುವ ಹೊತ್ತು. ದಿನವಿಡೀ ಮೆಷಿನ್ನಿನ ಪೆಡಲ್ ಒತ್ತಿದ ಕಾಲನ್ನು ಚಾಚಿ ಕೂತರೆ ಸಾಕು, ಮೀನಖಂಡದ ಚರ್ಮದಡಿ ಏನೋ ಪುಳಕ್ಕನೆ ಹಾರುತ್ತದೆ. ನಿಲ್ಲುತ್ತದೆ. ಮತ್ತೆ ಹಾರುತ್ತದೆ. ಬೆರಳಿಟ್ಟು ಒತ್ತಿದರೂ ಕ್ಯಾರೇ ಅನ್ನುವುದಿಲ್ಲ! ಕಣ್ಣಿನ ರೆಪ್ಪೆಯಾಗಿದ್ದರೆ ಪಕ್ಕದ ಮೆಷಿನ್ನಿನವಳು ಆಗಲೇ ಶಕುನ ಹೇಳಿರುತ್ತಿದ್ದಳು: "ಎಡಗಣ್ಣು ತಾನೇ ಅಕ್ಕಾ? ಹೆಂಗಸರಿಗೆ ಎಡ ಒಳ್ಳೇದು ಬಿಡಿ." ಮೀನಖಂಡದ ಶಕುನ ಕೇಳುವವರು ಕಮ್ಮಿ, ಪಾಪ.

ಆದರೆ ಆ ಹಾರುವಿಕೆ ಏನೆಂದು ತಿಳಿದರೆ ಮೈ ಜುಮ್ಮೆನ್ನುತ್ತದೆ. ನಿಮಗೆ ಕಾಣುತ್ತಿರುವುದು ಒಂದೇ ಒಂದು ನರಕೋಶದ ಕೆಲಸ! ಅದೂ ಬರಿಗಣ್ಣಿಗೆ! ಆ ಕೋಶ ಕೂತಿರುವುದು ಬೆನ್ನುಹುರಿಯ ಕೆಳತುದಿಯಲ್ಲಿ. ಅದರ ಎಳೆ ಸೊಂಟದಿಂದ ಹೊರಟು ತೊಡೆ, ಮಂಡಿಯ ಹಿಂಬದಿ ದಾಟಿ, ಹೆಚ್ಚುಕಡಿಮೆ ಒಂದು ಮೀಟರ್ ಇಳಿದು, ಮೀನಖಂಡದೊಳಗೆ ಕವಲೊಡೆದು ಸಾವಿರಕ್ಕೂ ಹೆಚ್ಚು ಸ್ನಾಯುತಂತುಗಳ ಲಗಾಮು ಹಿಡಿದಿರುತ್ತದೆ. ಎಳೆಯಲ್ಲಿ ಒಮ್ಮೆ ವಿದ್ಯುತ್ ಹರಿದರೆ ಅಷ್ಟೂ ತಂತುಗಳು ಒಟ್ಟಿಗೆ ಸೆಟೆಯುತ್ತವೆ.

ಇದಕ್ಕಿಂತ ಸೋಜಿಗ ಬೇಕೆ? ಎಷ್ಟೋ ಸಲ ಆ ಮಿಂಚು ಹುಟ್ಟುವುದು ಬೆನ್ನುಹುರಿಯಲ್ಲೇ ಅಲ್ಲ, ಎಳೆಯ ತೀರಾ ತುದಿಯಲ್ಲಿ, ಸ್ನಾಯುವಿನ ಹತ್ತಿರ. ಅಲ್ಲಿಂದ ಅದು ಹಿಮ್ಮುಖವಾಗಿ ಓಡುತ್ತದೆ, ಕವಲಿನ ಜಾಗಕ್ಕೆ ಬಂದು ಉಳಿದ ಕವಲುಗಳಿಗೆಲ್ಲ ನುಗ್ಗುತ್ತದೆ. ಮಿದುಳಿಗೆ ಸುದ್ದಿಯೇ ಇಲ್ಲ! ದಣಿವು, ನಿದ್ದೆಗೆಡುವುದು, ಮೇಲಿಂದ ಮೇಲೆ ಕಾಫಿ, ಟಾರ್ಗೆಟ್ಟಿನ ಟೆನ್ಷನ್ ಇವೆಲ್ಲ ಆ ತುದಿಯನ್ನು ಕೆಣಕುತ್ತವೆ. ಅಂದರೆ ಓಟಿ ಮಾಡಿದವರ ಕಾಲು ಹಾರದಿದ್ದರೇ ಆಶ್ಚರ್ಯ.

ಇದನ್ನು ಕಿವಿಯಿಂದಲೂ ಕೇಳಬಹುದು! 1929ರಲ್ಲಿ ವಿಜ್ಞಾನಿಗಳಾದ ಎಡ್ಗರ್ ಏಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ ಟೊಳ್ಳು ಸೂಜಿಯೊಳಗೆ ತಂತಿ ಕೂರಿಸಿ, ಸ್ನಾಯುವಿಗೆ ಚುಚ್ಚಿ, ಸಿಕ್ಕ ವಿದ್ಯುತ್ತನ್ನು ಲೌಡ್‌ಸ್ಪೀಕರಿಗೆ ಕೊಟ್ಟರು. ಒಂದೊಂದು ನರಕೋಶವೂ ಟಪ್, ಟಪ್ ಎಂದು ಮಾತಾಡಿತು. ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಇಂದಿನ ಇಎಂಜಿ ಪರೀಕ್ಷೆ ಅದರ ಮೊಮ್ಮಗ. ಸುಮ್ಮನೆ ಹಾರುವ ಸ್ನಾಯು ಸ್ಪೀಕರಿನಲ್ಲಿ ಕೇಳಿಸುವುದು ತಗಡಿನ ಮಾಡಿನ ಮೇಲೆ ಬಿಡಿಬಿಡಿಯಾಗಿ ಬೀಳುವ ಮಳೆಹನಿಯ ಹಾಗೆ.

ಬೊಮ್ಮನಹಳ್ಳಿಯಿಂದ ಅದೇ ಹೊಸೂರು ರಸ್ತೆಯಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಊರಿನ ಕಡೆ ಬಂದರೆ ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್. ಸ್ನಾಯು ಹಾರುವುದರ ಜೊತೆಗೆ ಬಲ ಕುಂದಿದರೆ, ಖಂಡ ಇಳಿದುಹೋದರೆ ನರರೋಗ ತಜ್ಞರಿಗೆ ತೋರಿಸಲೇಬೇಕು. ಬರೀ ಹಾರುತ್ತಿದ್ದು ಶಕ್ತಿ ಸರಿಯಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಖಂಡ ಇಳಿಯುವ ಅಂಥದೇ ಒಂದು ಕಾಯಿಲೆಗೆ ಹೆಸರು ಬಂದದ್ದು ಈ ನಿಮ್ಹಾನ್ಸಿನಿಂದ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಒಂದೇ ಕೈ ಅಥವಾ ಒಂದೇ ಕಾಲು ಸೊರಗುತ್ತ ಹೋಗುತ್ತದೆ, ಹೆಚ್ಚಾಗಿ ಹರೆಯದ ಗಂಡಸರಿಗೆ. ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಅದನ್ನು 'ಮಾನೊಮೆಲಿಕ್ ಅಮಯೋಟ್ರೋಫಿ' ಎಂದು ಕರೆದು ಪ್ರಕಟಿಸಿದರು. ಜಗತ್ತಿನ ನರವಿಜ್ಞಾನ ಆ ಹೆಸರನ್ನು ಒಪ್ಪಿಕೊಂಡಿತು. ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ ಎಂದರೆ ಎದೆ ಝಲ್ಲೆನ್ನುತ್ತದಲ್ಲ? ಆದರೆ ಇದು ಕೆಲವು ವರ್ಷ ಮುಂದುವರಿದು, ಬಹುಪಾಲು ಜನರಲ್ಲಿ ತನ್ನಷ್ಟಕ್ಕೆ ತಾನೇ ನಿಂತುಬಿಡುತ್ತದೆ!