ಸೇತುವೆ ಮುರಿದವರು, ಎಂಜಿನ್ ಬಿಚ್ಚಿದವರು

ಸಂಕ ಅಂದ್ರೆ ಏನು ಅಂತ ನಮ್ಮ ವರದಮೂಲದ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದ್ರೆ ಆಚೆ ಮನೆ ಮಕ್ಕಳಿಗೆ ಶಾಲೆ ಇಲ್ಲ, ಈಚೆ ಮನೆ ಹಾಲು ಡೇರಿಗೆ ಹೋಗೋದಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗೋ ತನಕ ಹಿನ್ನೀರಿನ ಜನ ಲಾಂಚ್ ಕಾಯ್ತಾ ಎಷ್ಟು ವರ್ಷ ಕಳೆದರು, ನೀವೇ ನೋಡಿದ್ದೀರಿ.

ಈಗ ಇದನ್ನೇ ತಿರುಗಿಸಿ ಯೋಚನೆ ಮಾಡಿ. ಸೇತುವೆ ಮುರಿಯೋದೇ ಕೆಲಸವಾಗಿದ್ದ ಒಂದು ಪಡೆ ಇತ್ತು.

ಎರಡನೇ ಮಹಾಯುದ್ಧ. ಬರ್ಮಾ ಜಪಾನಿನ ಕೈಯಲ್ಲಿ. 1942ರ ಸೆಪ್ಟೆಂಬರ್‌ನಲ್ಲಿ ಕರಾಚಿಯಲ್ಲಿ ಅಮೆರಿಕದ 341ನೇ ಬಾಂಬರ್ ಗ್ರೂಪ್ ಶುರುವಾಯಿತು. ಅದರೊಳಗೆ ನಾಲ್ಕು ಸ್ಕ್ವಾಡ್ರನ್: 11, 22, 490, 491. ವಿಮಾನ ಬಿ-25 ಮಿಚೆಲ್. ಅದು ಎರಡು ಎಂಜಿನ್ನಿನ ಮಧ್ಯಮ ಬಾಂಬರ್. ನಾಲ್ಕು ಎಂಜಿನ್ನಿನ ಬಿ-24 ಭಾರಿ ಬಾಂಬರ್.

ಜಪಾನಿ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಹೋಗ್ತಿದ್ದದ್ದು ರೈಲಿನಲ್ಲಿ. ಹಳಿ ಕಿತ್ತರೆ ಬೇಗ ಜೋಡಿಸಬಹುದು. ನದಿ ಮೇಲಿನ ಸೇತುವೆ ಬಿದ್ದರೆ ಅಷ್ಟು ಸುಲಭ ಅಲ್ಲ. ಆದರೆ ಅದಕ್ಕೆ ಗುರಿ ಇಡೋದೂ ಕಷ್ಟ. ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಸರಳವಾಗಿ ಹೇಳ್ತೀನಿ. ಎತ್ತರದಿಂದ ಹಾಕಿದ್ರೆ ಮೇಲಿಂದ ಕಾಣೋ ಸೇತುವೆ ಬರೀ ಒಂದು ಗೆರೆ, ಬಾಂಬು ಪಕ್ಕಕ್ಕೆ ಬೀಳುತ್ತೆ. ತೀರಾ ತಗ್ಗಿನಲ್ಲಿ ಹಾರಿ ಹಾಕಿದ್ರೆ ಬಾಂಬು ಅಡ್ಡಡ್ಡ ಬಂದು, ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಪುಟಿದು ಮುಂದೆ ಹೋಗುತ್ತೆ.

1944ರ ಜನವರಿ 1. ಮೂ ನದಿಯ ಸೇತುವೆ. 490ನೇ ಸ್ಕ್ವಾಡ್ರನ್ನಿನ ಮೇಜರ್ ರಾಬರ್ಟ್ ಎರ್ಡಿನ್ ತಗ್ಗಿನಲ್ಲಿ ಬರ್ತಾ ಇದ್ದಾಗ ಎದುರಿಗೆ ಮರ! ತಟ್ಟನೆ ಮೇಲೆತ್ತಿ, ಮತ್ತೆ ಇಳಿಸಿ ಬಾಂಬು ಬಿಟ್ಟರು. ಸೇತುವೆಯ ಅಂಕಣಗಳು ಕುಸಿದವು. ಓರೆಯಾಗಿ ಇಳಿಯುತ್ತಾ ಹಾಕಿದ್ರೆ ಬಾಂಬು ಪುಟಿಯೋದಿಲ್ಲ ಅಂತ ಆಗ ಗೊತ್ತಾಯಿತು. ಅದನ್ನೇ ಅಭ್ಯಾಸ ಮಾಡಿ ಆ ಸ್ಕ್ವಾಡ್ರನ್ 'ಬರ್ಮಾ ಬ್ರಿಡ್ಜ್ ಬಸ್ಟರ್ಸ್' ಅನ್ನೋ ಹೆಸರು ಪಡೆಯಿತು.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಇದೆ. ಹಾರಿ ಸವೆದ ವಿಮಾನ ಬಿಚ್ಚಿ ರಿಪೇರಿ ಆಗಬೇಕಲ್ಲ? 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದರು, ಇವತ್ತಿನ ಎಚ್‌ಎಎಲ್. 1943ರಲ್ಲಿ ಅದರ ನಿರ್ವಹಣೆ ಅಮೆರಿಕದವರ ಕೈಗೆ ಹೋಗಿ 84ನೇ ಏರ್ ಡಿಪೊ ಆಯಿತು. ಬಿ-25, ಬಿ-24, ಡಕೋಟಾ ಎಲ್ಲಾ ಅಲ್ಲಿಗೆ ಬಂದವು. ಕ್ಯಾಟಲೀನಾ ವಿಮಾನಗಳಂತೂ ಬೆಳ್ಳಂದೂರು ಕೆರೆ ನೀರಿನ ಮೇಲೇ ಇಳಿದವು. ಅವುಗಳ ಬೋಲ್ಟು ಬಿಚ್ಚಿ ಕಟ್ಟಿದ ಕೈಗಳಲ್ಲಿ ನಮ್ಮವರದ್ದೂ ಇದ್ದವು.

ಅಮೆರಿಕದ ಒಂದೊಂದು ಸ್ಕ್ವಾಡ್ರನ್ನೂ ತಿಂಗಳು ತಿಂಗಳೂ ತನ್ನ ಚರಿತ್ರೆ ಬರೆದಿಡುತ್ತಿತ್ತು. ಆ ಕಡತಗಳು ಈಗಲೂ ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿ ಜೋಪಾನವಾಗಿವೆ. ಎರ್ಡಿನ್ ಹೆಸರು ನನಗೆ ಗೊತ್ತಾಗಿದ್ದು ಯಾರೋ ಅವತ್ತು ಬರೆದಿಟ್ಟಿದ್ದಕ್ಕೆ. ಆ ಬೋಲ್ಟು ತಿರುಗಿಸಿದ ಫಿಟ್ಟರ್ ಹೆಸರು? ಆ ಸೇತುವೆಯ ಹತ್ತಿರ ಮನೆ ಇದ್ದ ಬರ್ಮಾದ ರೈತನ ಹೆಸರು?

ನಿಮ್ಮ ಅಜ್ಜ, ಮುತ್ತಜ್ಜ ಆ ಕಾರ್ಖಾನೆಯಲ್ಲಿ ಇದ್ದರೆ, ಟ್ರಂಕಿನಲ್ಲಿ ಒಂದು ಗೇಟ್ ಪಾಸ್, ಒಂದು ಫೋಟೊ ಇದ್ದೇ ಇರುತ್ತೆ. ಹುಡುಕಿ. ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಇಸವಿ ಬರೆದಿಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಅಮೆರಿಕದ ಸ್ಕ್ವಾಡ್ರನ್ನುಗಳು ಮಾಡಿದ್ದೂ ಅದನ್ನೇ.