ಮಗು ಟೆನಿಸನ್ನೇ ವೃತ್ತಿ ಮಾಡ್ಕೋತೀನಿ ಅಂದಾಗ...

ಮಗನೋ ಮಗಳೋ ಜಿಲ್ಲಾ ಪಂದ್ಯದಲ್ಲಿ ಕಪ್ ಗೆದ್ದು ಬಂದರೆ ನಿಮಗೆ ಹಿಗ್ಗೋ ಹಿಗ್ಗು. ಷೋಕೇಸಿನಲ್ಲಿ ಜಾಗ ಮಾಡಿ, ನೆರೆಮನೆಯವರನ್ನು ಕರೆದು ತೋರಿಸುತ್ತೀರಿ. ಆದರೆ ಅದೇ ಮಗು, "ಅಮ್ಮಾ, ನಾನು ಇದನ್ನೇ ವೃತ್ತಿ ಮಾಡ್ಕೋತೀನಿ" ಅಂದರೆ? ಕೈಯಲ್ಲಿದ್ದ ಸೌಟು ಅಲ್ಲೇ ನಿಂತುಬಿಡುತ್ತದೆ, ಅಲ್ಲವೇ?

ಮುಳ್ಳೂರಿನಂಥ ಊರಿನಲ್ಲಿ ಟೆನಿಸ್ ಮಾತೇಕೆ ಅನ್ನಬೇಡಿ. ಕೊಳ್ಳೇಗಾಲದ ಕಡೆ ಹರಿದು ಬರುವ ಕಾವೇರಿ ಹುಟ್ಟುವ ಕೊಡಗಿನಲ್ಲೇ ರೋಹನ್ ಬೋಪಣ್ಣ ಬೆಳೆದದ್ದು. ತಂದೆ ಕಾಫಿ ಬೆಳೆಗಾರರು. ಹುಡುಗ ರ್‍ಯಾಕೆಟ್ ಹಿಡಿದದ್ದು 11ನೇ ವಯಸ್ಸಿನಲ್ಲಿ. ಹಾಕಿ, ಫುಟ್‌ಬಾಲ್ ಕೂಡ ಆಡುತ್ತಿದ್ದವನಿಗೆ ಟೆನಿಸ್ಸೇ ಮುಖ್ಯ ಅನ್ನಿಸಿದ್ದು 19ರ ಹೊತ್ತಿಗೆ. ವೃತ್ತಿಪರ ಆಟಗಾರನಾದದ್ದು 2003ರಲ್ಲಿ.

ಆಮೇಲೆ ಹಾದಿ ಸಲೀಸಾಯಿತೇ? ಎಲ್ಲಿಯ ಮಾತು! ಮೊದಲ ಗ್ರ್ಯಾಂಡ್‌ಸ್ಲ್ಯಾಮ್ ಪ್ರಶಸ್ತಿ ಬಂದದ್ದು 2017ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. ಮಂಡಿ ಸವೆದು ನೋವಾದಾಗ ಅಯ್ಯಂಗಾರ್ ಯೋಗದ ಮೊರೆ ಹೊಕ್ಕರು. 2021ರಲ್ಲಿ ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲದೆ, ಆಟವೇ ಸಾಕು ಅಂತ ಯೋಚಿಸಿದ್ದೂ ಉಂಟು. ಬಿಡಲಿಲ್ಲ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದರು! 2025ರ ನವೆಂಬರ್‌ನಲ್ಲಿ ವಿದಾಯ ಹೇಳಿದರು.

ಕಪ್ಪಿನಿಂದ ಕೂಳಿಗೆ

ಜೂನಿಯರ್ ಆಟ ಸುಮಾರು 18ರ ತನಕ. ಅಲ್ಲಿ ಎದುರಾಳಿಗಳೂ ಮಕ್ಕಳೇ. ಆಚೆಗೆ ಕಾಲಿಟ್ಟರೆ, ಇದೇ ಆಟದಿಂದ ಹೊಟ್ಟೆ ಹೊರೆಯುವ ಪಳಗಿದ ಆಟಗಾರರು. ಜೂನಿಯರ್ ಪಟ್ಟಿಯಲ್ಲಿ ಮೇಲಿದ್ದವರೂ ಇಲ್ಲಿ ಹೆಚ್ಚುಕಡಿಮೆ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಬೇಕು. ಆ ಮೆಟ್ಟಿಲಿನ ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಅದು ಗೆದ್ದವರೊಬ್ಬರದೇ ಅಲ್ಲ, ಆಡಿದವರಿಗೆಲ್ಲ ಹಂಚಿಹೋಗಬೇಕು. ಮೊದಲ ಸುತ್ತಿನಲ್ಲೇ ಸೋತವರಿಗೆ ಸಿಗುವುದು ಚಿಲ್ಲರೆ ಕಾಸು. ಪ್ರಯಾಣ, ವಸತಿ, ಕೋಚ್, ರ್‍ಯಾಕೆಟ್ಟಿನ ತಂತಿ ಎಲ್ಲ ಕೈಯಿಂದಲೇ. ಆದ್ದರಿಂದ ಮೊದಲ ಕೆಲವು ವರ್ಷ ಹೋಗುವ ಹಣವೇ ಹೆಚ್ಚು, ಬರುವುದು ಕಡಿಮೆ.

ಆತುರ ಬೇಡ

ಅಮೆರಿಕದ ಜೆನ್ನಿಫರ್ ಕ್ಯಾಪ್ರಿಯಾಟಿ 1990ರಲ್ಲಿ, ಇನ್ನೂ 14 ತುಂಬುವ ಮೊದಲೇ ವೃತ್ತಿಪರ ಕಣಕ್ಕಿಳಿದಳು. ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್! ಜಗತ್ತೇ ಕೊಂಡಾಡಿತು. ಆದರೆ ಹದಿಹರೆಯ ಕಳೆಯುವ ಮುನ್ನವೇ ಆ ಹುಡುಗಿ ಬೇಸತ್ತು ಆಟದಿಂದ ದೂರ ಸರಿದಳು. ಮತ್ತೆ ಚೇತರಿಸಿಕೊಂಡು ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದದ್ದು 2001ರಲ್ಲಿ. ಇಂಥ ಅನುಭವಗಳಿಂದಲೇ ಹೆಣ್ಣುಮಕ್ಕಳಿಗೆ ವಯಸ್ಸಿನ ನಿಯಮ ಬಿಗಿಯಾಯಿತು: 14 ತುಂಬದೆ ವೃತ್ತಿಪರ ಟೂರ್ನಿ ಆಡುವಂತಿಲ್ಲ. ಅಲ್ಲಿಂದ 18ರ ತನಕ ವರ್ಷಕ್ಕೆ ಇಷ್ಟೇ ಟೂರ್ನಿ ಅನ್ನೋ ಮಿತಿ.

ತಾಯಂದಿರಿಗೆ ನಾಲ್ಕು ಮಾತು

ಓದು ಪೂರ್ತಿ ಬಿಡಿಸಬೇಡಿ. ಮನೆಯಿಂದಲೇ ಪರೀಕ್ಷೆ ಕಟ್ಟುವ ಅನುಕೂಲ ಈಗ ಇದೆ.

ಒಡವೆ ಅಡವಿಡುವ ಮುನ್ನ ಮನೆಯವರೊಡನೆ ಕೂತು, ಎಷ್ಟು ವರ್ಷ, ಎಷ್ಟು ಹಣ ಅಂತ ಚೀಟಿಯಲ್ಲಿ ಬರೆದಿಡಿ.

ಸೋತು ಬಂದ ದಿನ "ನಿನಗೋಸ್ಕರ ಎಷ್ಟು ಖರ್ಚು ಮಾಡಿದೀವಿ ಗೊತ್ತಾ?" ಅನ್ನಬೇಡಿ. ಹೊಟ್ಟೆ ತುಂಬ ಊಟ ಹಾಕಿ, ನಿದ್ದೆ ಮಾಡಲು ಬಿಡಿ. ಸೋಲಿನ ಮಾತು ನಾಳೆ ಆಡಿದರಾಯಿತು.

ಮಗನಿಗೆ ಕೊಟ್ಟಷ್ಟೇ ಕಾಲಾವಕಾಶ ಮಗಳಿಗೂ ಕೊಡಿ. "ಇನ್ನೆಷ್ಟು ದಿನ ಆಟ, ಮದುವೆ ಬೇಡ್ವಾ?" ಅನ್ನುವ ನೆಂಟರಿಗೆ ಉತ್ತರ ಕೊಡಬೇಕಾದವರು ನೀವು, ಅವಳಲ್ಲ.

ಎಲ್ಲರೂ ಬೋಪಣ್ಣ ಆಗುವುದಿಲ್ಲ, ನಿಜ. ಅಂದುಕೊಂಡ ವರ್ಷಗಳು ಮುಗಿದ ಮೇಲೆ ಮಗು ತಾನಾಗಿಯೇ ರ್‍ಯಾಕೆಟ್ ಕೆಳಗಿಟ್ಟರೆ ಅದನ್ನು ಸೋಲು ಅಂತ ಎಣಿಸಬೇಡಿ. ಗಟ್ಟಿಯಾದ ಮೈ, ಸೋತರೂ ಮಾರನೆಯ ಬೆಳಿಗ್ಗೆ ಎದ್ದು ಹೊರಡುವ ಮನಸ್ಸು, ಇವೆರಡೂ ಯಾವ ಕೆಲಸಕ್ಕಾದರೂ ಬೇಕಾದವೇ ತಾನೆ?