ನಾಲ್ಕಡಿ ಪೆಟ್ಟಿಗೆಯಲ್ಲಿ ಎರಡು ಹವಾಮಾನ

ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮ್ಮ ಮನೆಯವರು ಸೀನುತ್ತಾರೆ. ಇಂಥ ಕಡೆ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ಅದು ಗೊತ್ತಿದ್ದೇ ಮೇಲಿನ ಮನೆಯ ಹುಡುಗ ಒಂದು ಭಾನುವಾರ ನನ್ನ ಹತ್ತಿರ ಬಂದ. ಸೆಕೆಂಡ್ ಪಿಯುಸಿ ಓದುತ್ತಾನೆ. ಫೋನಿನಲ್ಲಿ ಒಂದು ಫೋಟೊ: ಕೊಂಬೆಗೆ ಸುತ್ತಿಕೊಂಡ ಕಪ್ಪು ಹಾವು, ಮೈತುಂಬ ಅರಿಶಿನದ ಪಟ್ಟೆ.

"ಅಂಕಲ್, ಇದನ್ನ ಮನೇಲಿ ಸಾಕ್ಬೋದಾ?"

"ಅಮ್ಮನಿಗೆ ಹೇಳಿದ್ಯಾ?"

"ಮೊದ್ಲು ನಿಮ್ಮನ್ನ ಕೇಳೋಣ ಅಂತ."

ಅದು ಕಾರ್ಪೆಟ್ ಪೈಥಾನ್. ನವಲಗುಂದದ ಜಮಖಾನ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಬೇರೆ ಹೇಳಬೇಕಿಲ್ಲ. ನಾನಂತೂ ಇದನ್ನು ಜಮಖಾನದ ಹೆಬ್ಬಾವು ಎಂದೇ ಕರೆಯುತ್ತೇನೆ. ಮೊರೇಲಿಯಾ ಸ್ಪೈಲೋಟಾ ಎಂಬುದು ವಿಜ್ಞಾನಿಗಳ ಹೆಸರು. ಇದನ್ನು 1804ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿನ ಲಾಸೆಪೆಡ್. ಇದರ ಊರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ವಿಷವಿಲ್ಲ, ಆದರೆ ಹಲ್ಲಿದೆ. ಕಚ್ಚಿದರೆ ರಕ್ತ ಬರುತ್ತದೆ. ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸು ಬೆಳೆಯುತ್ತದೆ, ಕರಾವಳಿಯ ಬಗೆ ಮೂರು ಮೀಟರನ್ನೂ ದಾಟಬಹುದು. ಬ್ರಿಸ್ಬೇನಿನ ಹೊರವಲಯದ ಮನೆಗಳ ಅಟ್ಟದಲ್ಲಿ ಇಲಿ ಹಿಡಿದುಕೊಂಡು ಇದ್ದುಬಿಡುತ್ತದೆ. ನಮ್ಮ ಕಡೆ ಕೇರೆ ಹಾವು ಮಾಡುವ ಕೆಲಸವನ್ನೇ ಅಲ್ಲಿ ಇದು ಮಾಡುತ್ತದೆ ಅನ್ನಬಹುದು.

ಹುಡುಗ ತೋರಿಸಿದ ಕಪ್ಪು-ಹಳದಿಯ ಬಗೆ ಕ್ವೀನ್ಸ್‌ಲೆಂಡಿನ ಆಥರ್ಟನ್ ಪ್ರಸ್ಥಭೂಮಿಯ ಮಳೆಕಾಡಿನ ಕಡೆಯದು. ಅವನು ಅದನ್ನೂ ಓದಿಕೊಂಡೇ ಬಂದಿದ್ದ. "ನಮ್ಮೂರ ಥರಾನೇ ಎತ್ತರದ ಜಾಗ ಅಂಕಲ್. ವೆದರೂ ಹೆಚ್ಚುಕಮ್ಮಿ ಇದೇ. ಏನೂ ತೊಂದ್ರೆ ಆಗಲ್ಲ."

ಅವನು ತಪ್ಪಿದ್ದು ಇಲ್ಲೇ. ಊರಿನ ಉಷ್ಣಾಂಶ ಪತ್ರಿಕೆಯಲ್ಲಿ ಅಚ್ಚಾಗುವ ಒಂದು ಅಂಕಿ. ಹಾವಿಗೆ ಆ ಅಂಕಿಯಿಂದ ಏನೂ ಆಗಬೇಕಾಗಿಲ್ಲ. ನಾವು ಉಂಡ ಅನ್ನದ ದೊಡ್ಡ ಪಾಲನ್ನು ಮೈ ಬಿಸಿಯಾಗಿ ಇಟ್ಟುಕೊಳ್ಳಲಿಕ್ಕೇ ಸುಡುತ್ತೇವೆ. ಹಾವು ಆ ಖರ್ಚು ಇಟ್ಟುಕೊಂಡಿಲ್ಲ. ಅದಕ್ಕೆ ಬೇಕಾದ ಬಿಸಿಯನ್ನು ಹೊರಗಿನಿಂದ ತೆಗೆದುಕೊಳ್ಳುತ್ತದೆ: ಬೆಳಿಗ್ಗೆ ಬಿಸಿಲು ಬಿದ್ದ ಕೊಂಬೆ, ಮಧ್ಯಾಹ್ನ ಪೊಟರೆಯ ನೆರಳು, ಸಂಜೆ ಇನ್ನೂ ಬಿಸಿ ಆರದ ಬಂಡೆ. ಹೀಗೆ ದಿನವಿಡೀ ಜಾಗ ಬದಲಿಸುತ್ತ ಮೈಯನ್ನು ತನಗೆ ಬೇಕಾದ ಹದದಲ್ಲಿ ಇಟ್ಟುಕೊಳ್ಳುತ್ತದೆ. ಪೆಟ್ಟಿಗೆಗೆ ಹಾಕಿದ ದಿನ ಈ ಓಡಾಟವೆಲ್ಲ ನಿಂತುಹೋಗುತ್ತದೆ. ಆಮೇಲೆ ಬಿಸಿಲೂ ನೆರಳೂ ಸಾಕುವವನ ಕೈಯಲ್ಲಿ.

ಒಂದು ಸಂದರ್ಭ ಮಾತ್ರ ಬೇರೆ. ಮೊಟ್ಟೆಯಿಟ್ಟ ಹೆಬ್ಬಾವು ಅದರ ಸುತ್ತ ಸಿಂಬಿ ಸುತ್ತಿ ಕೂತು, ಚಳಿಗೆ ನಡುಗುವವರಂತೆ ಸ್ನಾಯುಗಳನ್ನು ಅದುರಿಸಿ ತಾನೇ ಶಾಖ ಹುಟ್ಟಿಸುತ್ತದೆ. ಬನ್ನೇರುಘಟ್ಟದ ಕಾಡಿನಲ್ಲಿರುವ ನಮ್ಮ ಹೆಬ್ಬಾವೂ ಇದನ್ನು ಮಾಡುತ್ತದೆ, ಜಮಖಾನದ ಹೆಬ್ಬಾವೂ ಮಾಡುತ್ತದೆ. 1830ರ ದಶಕದಲ್ಲಿ ಲಾಮಾರ್ಪಿಕೊ ಎಂಬ ಫ್ರೆಂಚ್ ಪ್ರವಾಸಿ ಭಾರತದ ಹೆಬ್ಬಾವಿನ ಬಗ್ಗೆ ಈ ಮಾತು ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. ಹಾವು ಬೆಚ್ಚಗಾಗುವುದುಂಟೇ ಎಂದರು. 1841ರಲ್ಲಿ ಅದೇ ಪ್ಯಾರಿಸ್ಸಿನ ಮೃಗಾಲಯದಲ್ಲಿ ವಾಲೆನ್ಸಿಯೆನ್ ಸಿಂಬಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದ. ಬಿಸಿಯಿತ್ತು.

ಪೆಟ್ಟಿಗೆಯ ವಿಷಯಕ್ಕೆ ಬರೋಣ. ಬೆಳೆದ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಕನಿಷ್ಠ. ಆರಡಿ ಉದ್ದವಾದರೆ ಇನ್ನೂ ಒಳ್ಳೆಯದು. ಇದು ಮರ ಹತ್ತುವ ಜಾತಿ, ಹಾಗಾಗಿ ಒಳಗೆ ಅಡ್ಡಲಾಗಿ ಒಂದು ದಪ್ಪ ಕೊಂಬೆ ಇರಲೇಬೇಕು. ಮೀನಿನ ಗಾಜಿನ ತೊಟ್ಟಿ ಎಷ್ಟು ಚಂದ ಕಂಡರೂ ಬೇಡ: ಮೇಲಿನಿಂದ ಬಿಸಿಯೆಲ್ಲ ಹಾರಿಹೋಗುತ್ತದೆ, ನಾಲ್ಕೂ ಕಡೆಯಿಂದ ಜನ ಇಣುಕುತ್ತಾರೆ. ಮೂರು ಕಡೆ ಪ್ಲೈವುಡ್, ಮುಂದೆ ಜಾರುವ ಗಾಜು, ಅದಕ್ಕೊಂದು ಬೀಗ. ಬೀಗ ಯಾಕೆ ಎಂದು ಹಲಸೂರಿನ ಬಡಗಿ ಖಂಡಿತ ಕೇಳುತ್ತಾನೆ. ಹಾವು ಮೂತಿಯಿಂದ ಒತ್ತಿ ಒತ್ತಿ ಗಾಜು ಸರಿಸುತ್ತದೆ ಎಂದು ಮಾತ್ರ ಹೇಳಿದರೆ ಸಾಕು, ಉಳಿದದ್ದು ಅವನಿಗೇ ಹೊಳೆಯುತ್ತದೆ.

ಒಂದು ತುದಿಯಲ್ಲಿ, ಮೇಲೆ, ಬೆಳಕು ಬೀರದ ಸೆರಾಮಿಕ್ ಹೀಟರ್. ಹಾವು ಅದಕ್ಕೆ ಸುತ್ತಿಕೊಳ್ಳದಂತೆ ಸುತ್ತ ತಂತಿಯ ಜಾಲರಿ. ಅದರ ಕೆಳಗೆ 31-32 ಡಿಗ್ರಿ ಸೆಲ್ಸಿಯಸ್ ಇರಬೇಕು, ಇನ್ನೊಂದು ತುದಿಯಲ್ಲಿ 25ರ ಆಸುಪಾಸು. ಎರಡೂ ತುದಿಗಳಲ್ಲಿ ಅಡಗಲು ಒಂದೊಂದು ಗೂಡು ಬೇಕು. ಒಂದೇ ಕಡೆ ಗೂಡಿಟ್ಟರೆ ಹಾವು ಬಚ್ಚಿಟ್ಟುಕೊಳ್ಳುವ ಆಸೆಗೆ ಬಿಸಿಯನ್ನೋ ತಂಪನ್ನೋ ಬಿಟ್ಟುಕೊಡುತ್ತದೆ. ಹೀಟರನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಬಾರದು, ನಡುವೆ ಥರ್ಮೋಸ್ಟಾಟ್ ಇರಲೇಬೇಕು. ಕೆಳಗೆ ಹಾಸಲು ಹಳೆಯ ದಿನಪತ್ರಿಕೆ ಸಾಕು. ಅಂಕಣ ಬರೆಯುವವರ ಶ್ರಮಕ್ಕೆ ಇದಕ್ಕಿಂತ ಒಳ್ಳೆಯ ಗತಿ ನನಗಂತೂ ಕಂಡಿಲ್ಲ.

"ಊಟಕ್ಕೇನು ಅಂಕಲ್, ಮೋರಿಯಲ್ಲಿ ಹೆಗ್ಗಣಕ್ಕೆ ಬರವಾ?"

ಮೋರಿಯ ಹೆಗ್ಗಣದ ಹೊಟ್ಟೆಯಲ್ಲಿ ಹುಳುವಿರುತ್ತದೆ, ಪಾಷಾಣವೂ ಇದ್ದೀತು. ಜೀವಂತ ಬಿಟ್ಟರೆ ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಸಾಕುವವರು ಕೊಡುವುದು ಇದಕ್ಕೆಂದೇ ಬೆಳೆಸಿ, ಕೊಂದು, ಫ್ರೀಜರಿನಲ್ಲಿಟ್ಟ ಇಲಿ. ಮರಿಗೆ ವಾರಕ್ಕೊಂದು ಸುಂಡಿಲಿ, ದೊಡ್ಡದಕ್ಕೆ ಎರಡು ಮೂರು ವಾರಕ್ಕೊಂದು ಇಲಿ. ಮೇಲಿನ ಮನೆಯಲ್ಲಿ ಶನಿವಾರ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಆ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟಿನ ಮೇಲೆ ಇಲಿಯ ಪೊಟ್ಟಣ! ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ.

ಆ ಇಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ತೋರಿಸಬೇಕು. ತಣ್ಣಗಿದ್ದರೆ ಹಾವು ಎಷ್ಟೋ ಸಲ ತಿರುಗಿಯೂ ನೋಡುವುದಿಲ್ಲ. ಹತ್ತಿರದಿಂದ ನೋಡಿದರೆ ಅದರ ತುಟಿಯಂಚಿನಲ್ಲಿ ಸೂಜಿಯಿಂದ ಚುಚ್ಚಿ ಸಾಲಾಗಿ ಅಗಲಿಸಿದಂಥ ಸಣ್ಣ ಗುಳಿಗಳು ಕಾಣುತ್ತವೆ. ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ಅದು ಗ್ರಹಿಸುವುದು ಇವುಗಳಿಂದ. ಗುಳಿಯೊಳಗಿನ ನರಗಳಲ್ಲಿ ಶಾಖಕ್ಕೆ ತೆರೆದುಕೊಳ್ಳುವ ಪ್ರೋಟೀನು ಯಾವುದೆಂದು 2010ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆ ಮಾಡಿತು. ಈ ಜೂಲಿಯಸ್ ಅವರಿಗೇ 2021ರಲ್ಲಿ ನೊಬೆಲ್ ಬಂತು. ಆ ಪ್ರೋಟೀನು ನಮ್ಮಲ್ಲೂ ಇದೆ, ನಮ್ಮಲ್ಲಿ ಅದು ಸಾಸಿವೆಯ ಘಾಟನ್ನು ತಿಳಿಸುತ್ತದೆ. ಎದುರು ಮನೆಯ ಒಗ್ಗರಣೆ ನಮ್ಮವರಿಗೆ ತಾಗುವ ತಂತಿಯೇ ಹಾವಿಗೆ ಇಲಿಯನ್ನು ತೋರಿಸುತ್ತದೆ.

ಹಿಡಿದ ಮೇಲೆ ಅದು ಬಿಗಿಯುವ ರೀತಿಯ ಬಗ್ಗೆ ನಾವೆಲ್ಲ ಶಾಲೆಯಲ್ಲಿ ತಪ್ಪು ಕಲಿತಿದ್ದೇವೆ. ಉಸಿರುಕಟ್ಟಿ ಸಾಯಿಸುತ್ತದೆ ಎಂದು ಮೇಷ್ಟರು ಹೇಳಿದ್ದರು. 2015ರಲ್ಲಿ ಅಮೆರಿಕದ ಸ್ಕಾಟ್ ಬೊಬ್ಯಾಕ್ ಮತ್ತು ಸಂಗಡಿಗರು ಬೋವಾ ಹಾವುಗಳ ಮೇಲೆ ಅಳೆದು ನೋಡಿದರು: ಸುತ್ತು ಬಿಗಿಯಾದ ಕೆಲವೇ ಸೆಕೆಂಡಿನಲ್ಲಿ ಇಲಿಯ ರಕ್ತಸಂಚಾರ ನಿಂತುಹೋಗುತ್ತದೆ. ಉಸಿರು ಕಟ್ಟುವಷ್ಟು ಹೊತ್ತು ಬೇಕಾಗುವುದಿಲ್ಲ. ಹೆಬ್ಬಾವಿನ ಸುತ್ತೂ ಅಂಥದ್ದೇ.

ನುಂಗಿದ ಮೇಲೆ ಮತ್ತೆ ಶಾಖದ ಮಾತು. ಬರ್ಮಾ ಹೆಬ್ಬಾವಿನ ಹೃದಯ ದೊಡ್ಡ ಊಟದ ನಂತರ 48 ಗಂಟೆಯಲ್ಲಿ ಶೇ 40ರಷ್ಟು ಬೆಳೆಯುತ್ತದೆ ಎಂದು 2005ರಲ್ಲಿ ಅಳೆದಿದ್ದಾರೆ. ಕರುಳೂ ಹಿಗ್ಗುತ್ತದೆ. ವಾರಗಟ್ಟಲೆ ಮುಚ್ಚಿಟ್ಟಿದ್ದ ಕಾರ್ಖಾನೆಯನ್ನು ಒಂದೇ ಸಲ ಶುರು ಮಾಡಿದ ಹಾಗೆ. ಆ ಹೊತ್ತಿನಲ್ಲಿ ಬಿಸಿ ತುದಿ ತಣ್ಣಗಾದರೆ ಜೀರ್ಣ ನಿಲ್ಲುತ್ತದೆ; ಹೊಟ್ಟೆಯಲ್ಲಿ ಇಲಿ ಕೊಳೆಯಲು ಶುರುವಾಗಿ, ಹಾವು ಅದನ್ನು ಕಕ್ಕುತ್ತದೆ. ಡಿಸೆಂಬರಿನ ರಾತ್ರಿ ಕರೆಂಟು ಹೋಗಿ ಇನ್ವರ್ಟರೂ ಕೈಕೊಟ್ಟರೆ ಆಗುವುದು ಇದೇ.

ಮುಚ್ಚಿಟ್ಟ ಕಾರ್ಖಾನೆಯಂತೆ ಇರಬಲ್ಲ ಈ ಗುಣವೇ ಹಾವುಗಳಿಗೆ ಶಾಪವೂ ಆಗಿದೆ. ತಿಂಡಿ ನೀರಿಲ್ಲದೆ ದಿನಗಟ್ಟಲೆ ಬಟ್ಟೆ ಚೀಲದಲ್ಲಿ ಸುಮ್ಮನೆ ಬಿದ್ದಿರುತ್ತವೆ; ಕಳ್ಳಸಾಗಣೆಯವರಿಗೆ ಇನ್ನೇನು ಬೇಕು? 2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದ ವಾರಸುದಾರರಿಲ್ಲದ ಲಗೇಜಿನಲ್ಲಿ ಕಸ್ಟಮ್ಸ್‌ನವರಿಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ ಸಿಕ್ಕವು. ಹಾವುಗಳು ಬದುಕಿದ್ದವು. ಕೋತಿಗಳು ಆರೂ ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಸೂಟ್‌ಕೇಸಿನಿಂದ 10 ಹಳದಿ ಅನಕೊಂಡಗಳನ್ನು ತೆಗೆದರು. ಫೋನಿನಲ್ಲಿ ಕಂಡ ಚಂದದ ಮರಿ ಯಾವ ಸೂಟ್‌ಕೇಸಿನಿಂದ ಬಂದಿದೆ ಎಂದು ಫೋಟೊ ಹೇಳುವುದಿಲ್ಲ.

ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಬಿಡುವುದೇ ಇಲ್ಲ. ನಮ್ಮ ಕಾನೂನೂ ಈಗ ಮೊದಲಿನಂತಿಲ್ಲ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯದು, ಮನೆಯಲ್ಲಿಟ್ಟರೆ ಜೈಲೇ. ಜಮಖಾನದ ಹೆಬ್ಬಾವು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಆ ಒಪ್ಪಂದದ ಪ್ರಾಣಿಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ನಮ್ಮ ಕಾಯ್ದೆಯ ನಾಲ್ಕನೇ ಪಟ್ಟಿ ಸೇರಿದವು. 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಅಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. "ಪೇಪರೆಲ್ಲ ಆಮೇಲೆ ಮಾಡಿಸೋಣ" ಅನ್ನುವ ಮಾರಾಟಗಾರ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. ಇನ್ನೊಂದು ಮಾತು: ರಾಜಕಾಲುವೆಯ ಬದಿಯಲ್ಲಿ ಸರಪಳಿಯಂಥ ಮಚ್ಚೆಗಳ ದಪ್ಪ ಹಾವು ಕಂಡರೆ ಹೆಬ್ಬಾವಿನ ಮರಿ ಎಂದು ಕೈ ಹಾಕಬೇಡಿ. ಅದು ಕೊಳಕುಮಂಡಲ ಆಗಿರಬಹುದು.

ಹುಡುಗನಿಗೆ ನಾನು ಬೇಡ ಅನ್ನಲಿಲ್ಲ. ಹದಿನೇಳರ ಹುಡುಗರಿಗೆ ಬೇಡ ಅಂದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಈ ಹಾವು ಇಪ್ಪತ್ತು ವರ್ಷ ಬದುಕುತ್ತದೆ, ಆಗ ನಿನಗೆ ಮೂವತ್ತೇಳು ಎಂದೆ, ನಕ್ಕ. ಪೆಟ್ಟಿಗೆ ಮಾಡಿಸು, ಹಾವಿಲ್ಲದೆ ನಾಲ್ಕು ತಿಂಗಳು ನಡೆಸು, ಎರಡೂ ತುದಿಯ ಥರ್ಮಾಮೀಟರ್ ನೋಡಿ ದಿನಾ ಬರೆದಿಡು ಎಂದೆ. ಒಪ್ಪಿಕೊಂಡ. ಅವರದು ತಾರಸಿಯ ಮೇಲೆ ಶೀಟು ಹಾಕಿ ಕಟ್ಟಿದ ರೂಮು.

ಜನವರಿ ಪೂರ್ತಿ ಅವನ ಲೆಕ್ಕ ಸರಿಯಾಗಿತ್ತು. ಬೆಳಗಿನ ಆರಕ್ಕೆ ರೂಮು 18 ಡಿಗ್ರಿ ಇದ್ದರೂ ಬಿಸಿ ತುದಿ 31ಕ್ಕೆ ನಿಂತಿತ್ತು. ಹೆಮ್ಮೆಯಿಂದ ನೋಟ್‌ಬುಕ್ ತಂದು ತೋರಿಸಿದ. ಏಪ್ರಿಲ್‌ನಲ್ಲಿ ಬರಲಿಲ್ಲ. ನಾನೇ ಹತ್ತಿ ಹೋದೆ. ಹೀಟರ್ ಶಾಖವನ್ನು ಕೂಡಿಸಬಲ್ಲದು, ಕಳೆಯಲಾರದು. ಥರ್ಮೋಸ್ಟಾಟ್ ಅದನ್ನು ಪೂರ್ತಿ ಆರಿಸಿದ ಮೇಲೂ ಪೆಟ್ಟಿಗೆ ರೂಮಿಗಿಂತ ತಣ್ಣಗಾಗುವುದಿಲ್ಲ. 2016ರ ಏಪ್ರಿಲ್ 24ರಂದು ಇದೇ ಊರಿನಲ್ಲಿ 39.2 ಡಿಗ್ರಿ ದಾಖಲಾಗಿದೆ, ಅದೂ ನೆರಳಿನಲ್ಲಿ. ಪೆಟ್ಟಿಗೆಯ ಎಡಗಡೆ ಅವನೇ ಅಂಟಿಸಿದ್ದ ಚೀಟಿಯಲ್ಲಿ 'ತಂಪು' ಎಂದಿತ್ತು. ಅದರ ಕೆಳಗಿನ ಥರ್ಮಾಮೀಟರ್ ಮಧ್ಯಾಹ್ನ ಎರಡೂವರೆಗೆ 37 ತೋರಿಸುತ್ತಿತ್ತು.

ನೀವೂ ಪೆಟ್ಟಿಗೆ ಮಾಡಿಸುವವರಿದ್ದರೆ, ಮೊದಲು ಒಂದು ಏಪ್ರಿಲ್ ಅದನ್ನು ಖಾಲಿ ಇಟ್ಟು ನೋಡಿ.